ಶಾಲೆಯ ಹಣ, ಊರಿನ ಎಲ್ಲೆ: ಅಮೆರಿಕದ ಸಾರ್ವಜನಿಕ ಶಿಕ್ಷಣದ ಒಂದು ಐತಿಹಾಸಿಕ ಸಮಸ್ಯೆ

೧

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಾರ್ವಜನಿಕ ಶಿಕ್ಷಣವನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಮಾತುಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ಸಾಮಾನ್ಯ ಜನರ ಮಕ್ಕಳಿಗೆ ಶುಲ್ಕವಿಲ್ಲದೆ, ತೆರಿಗೆಯ ಹಣದಿಂದಲೇ ಪ್ರೌಢಶಾಲೆಯವರೆಗೆ ವಿದ್ಯಾಭ್ಯಾಸ ಕೊಡುವ ಏರ್ಪಾಡನ್ನು ವಿಸ್ತಾರವಾಗಿ ಕೈಗೊಂಡ ದೇಶಗಳಲ್ಲಿ ಅದು ಅಗ್ರಗಣ್ಯವಾದುದು ಎಂಬುದು ಮೊದಲನೆಯ ಮಾತು. ಅಷ್ಟು ಐಶ್ವರ್ಯವಂತವಾದ ದೇಶದಲ್ಲಿ ಒಂದೇ ನಗರದ ಎರಡು ಮಗ್ಗುಲುಗಳಲ್ಲಿರುವ ಶಾಲೆಗಳ ನಡುವೆ ಅಜಗಜಾಂತರವಿದೆ, ಬಡವರ ಮಗುವಿಗೆ ದೊರೆಯುವ ಶಾಲೆಯೂ ಬಡ ಶಾಲೆಯೇ ಎಂಬುದು ಎರಡನೆಯದು.

ಈ ಎರಡು ಮಾತುಗಳೂ ನಿಜ. ಎರಡಕ್ಕೂ ಮೂಲ ಒಂದೇ ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಮೆರಿಕದ ಶಾಲೆಯನ್ನು ಕಟ್ಟಿದ್ದು ಊರಿನವರು ತಮ್ಮ ಸ್ವತ್ತಿನ ಮೇಲೆ ತಾವೇ ಹಾಕಿಕೊಂಡ ತೆರಿಗೆ. ಆ ಶಾಲೆಯ ದೊಡ್ಡ ನ್ಯೂನತೆಗೆ ಮುಖ್ಯ ಕಾರಣವಾದದ್ದೂ ಅದೇ ತೆರಿಗೆ. ಹಣದ ಮೊತ್ತ ಸಾಲದೆ ಅಥವಾ ಮಿತಿಮೀರಿದೆಯೆ ಎಂಬ ಬಗ್ಗೆ ನಡೆದಿರುವ ಚರ್ಚೆ ಅಪಾರವಾಗಿದೆ. ಆ ಹಣ ಯಾರ ಕೈಯಿಂದ ಹೊರಟು ಯಾರ ಮಕ್ಕಳಿಗೆ ಸಲ್ಲುತ್ತದೆ ಎಂಬುದು ಅದಕ್ಕಿಂತ ಹಳೆಯದೂ ಹೆಚ್ಚು ತೊಡಕಿನದೂ ಆದ ಪ್ರಶ್ನೆ. ‘ಸಾರ್ವಜನಿಕ ಹಣ’ ಎನ್ನುವಾಗ ಆ ಸರ್ವಜನರೆಂದರೆ ಯಾರು? ಒಂದು ಊರಿನವರೆ, ಒಂದು ರಾಜ್ಯದವರೆ, ಇಡೀ ರಾಷ್ಟ್ರದವರೆ?

ವಿಷಯಪ್ರವೇಶಕ್ಕೆ ಮುನ್ನ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅಮೆರಿಕದ ಒಕ್ಕೂಟದ ಸಂವಿಧಾನದಲ್ಲಿ ಶಿಕ್ಷಣವೆಂಬ ಮಾತೇ ಇಲ್ಲ. ೧೭೯೧ರಲ್ಲಿ ಅಂಗೀಕೃತವಾದ ಹತ್ತನೆಯ ತಿದ್ದುಪಡಿಯಂತೆ ಒಕ್ಕೂಟಕ್ಕೆ ಒಪ್ಪಿಸದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವು. ಹೀಗೆ ಶಿಕ್ಷಣವು ರಾಜ್ಯಗಳ ಹೊಣೆಯಾಯಿತು. ರಾಜ್ಯಗಳು ಅದನ್ನು ಶಾಲಾವಲಯಗಳಿಗೆ ವಹಿಸಿಕೊಟ್ಟವು. ಈ ಶಾಲಾವಲಯವು ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗವಲ್ಲ. ಸಾಮಾನ್ಯವಾಗಿ ತನ್ನದೇ ಚುನಾಯಿತ ಮಂಡಲಿಯನ್ನೂ, ಅನೇಕ ರಾಜ್ಯಗಳಲ್ಲಿ ತೆರಿಗೆ ವಿಧಿಸುವ ಅಧಿಕಾರವನ್ನೂ ಹೊಂದಿರುವ ಚಿಕ್ಕ ಸರ್ಕಾರ ಅದು. ಮುಂದೆ ಹೇಳುವ ಕಥೆಯೆಲ್ಲ ಈ ಚಿಕ್ಕ ಸರ್ಕಾರದ ಎಲ್ಲೆಯ ಸುತ್ತ ನಡೆದದ್ದು.

೨

ಊರೇ ಶಾಲೆಯನ್ನು ಸಾಕಬೇಕೆಂಬ ಕಟ್ಟಳೆ ಅಮೆರಿಕದಲ್ಲಿ ಗಣರಾಜ್ಯಕ್ಕಿಂತ ಹಳೆಯದು. ೧೬೪೭ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಶಾಸನಸಭೆ ಒಂದು ಕಾನೂನನ್ನು ಮಾಡಿತು. ೫೦ ಮನೆಗಳಿರುವ ಊರು ಓದುಬರಹ ಕಲಿಸಲು ಒಬ್ಬ ಉಪಾಧ್ಯಾಯನನ್ನು ನೇಮಿಸಿಕೊಳ್ಳಬೇಕು. ೧೦೦ ಮನೆಗಳಿರುವ ಊರು ಲ್ಯಾಟಿನ್ ವ್ಯಾಕರಣಶಾಲೆಯನ್ನು ಸ್ಥಾಪಿಸಬೇಕು. ಮಕ್ಕಳು ಬೈಬಲನ್ನು ತಾವೇ ಓದಿ ಸೈತಾನನ ಮೋಸಕ್ಕೆ ಸಿಕ್ಕದಿರಲೆಂಬ ಧಾರ್ಮಿಕ ಉದ್ದೇಶ ಅದರ ಹಿಂದೆ ಇದ್ದಿತು. ನಮಗೆ ಇಲ್ಲಿ ಮುಖ್ಯವಾದದ್ದು ಸಂಬಳದ ಏರ್ಪಾಡು. ಉಪಾಧ್ಯಾಯನ ಸಂಬಳವನ್ನು ಮಕ್ಕಳ ತಂದೆತಾಯಿಗಳು ಕೊಡಬಹುದು, ಇಲ್ಲವೆ ಊರಿನ ನಿವಾಸಿಗಳೆಲ್ಲರೂ ಸೇರಿ ಕೊಡಬಹುದು ಎಂದು ಕಾನೂನು ಎರಡು ದಾರಿಗಳನ್ನು ತೆರೆದಿಟ್ಟಿತು. ಮಕ್ಕಳಿಲ್ಲದವನೂ ಊರಿನ ಮಕ್ಕಳ ಓದಿಗೆ ಹಣ ಕೊಡಬೇಕೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ಅದು ಇತ್ಯರ್ಥವಾಗಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ಸ್ವಾತಂತ್ರ್ಯಾನಂತರ ಬೇರೊಂದು ಮಾರ್ಗವೂ ಗೋಚರಿಸಿತು. ೧೭೮೫ರ ಭೂಶಾಸನವು ವಾಯವ್ಯ ಪ್ರಾಂತ್ಯದ ಭೂಮಿಯನ್ನು ಆರು ಮೈಲಿ ಚೌಕದ ಹೋಬಳಿಗಳಾಗಿ ಅಳೆದು, ಪ್ರತಿಯೊಂದನ್ನೂ ೩೬ ಭಾಗಗಳನ್ನಾಗಿ ವಿಂಗಡಿಸಿ, ೧೬ನೆಯ ಭಾಗವನ್ನು, ಎಂದರೆ ೬೪೦ ಎಕರೆಗಳನ್ನು, ಶಾಲೆಗಳ ಪೋಷಣೆಗೆಂದು ಮೀಸಲಿಟ್ಟಿತು. ನಮ್ಮ ದೇಶದಲ್ಲಿ ದೇವಾಲಯಕ್ಕೂ ಮಠಕ್ಕೂ ಮಾನ್ಯದ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಇದೇ ಭೂದಾನಪದ್ಧತಿಯನ್ನು ೧೮೬೨ರ ಮೊರಿಲ್ ಶಾಸನವು ಉನ್ನತ ಶಿಕ್ಷಣಕ್ಕೆ ವಿಸ್ತರಿಸಿ, ವ್ಯವಸಾಯ ಮತ್ತು ಯಂತ್ರವಿದ್ಯೆಗಳ ಕಾಲೇಜುಗಳಿಗಾಗಿ ಪ್ರತಿ ರಾಜ್ಯಕ್ಕೂ ಒಕ್ಕೂಟದ ಶಾಸನಸಭೆಯಲ್ಲಿ ಅದಕ್ಕಿದ್ದ ಒಬ್ಬೊಬ್ಬ ಸದಸ್ಯನಿಗೆ ೩೦,೦೦೦ ಎಕರೆಗಳಂತೆ ಕೊಟ್ಟಿತು. ಬೆಂಗಳೂರಿನಲ್ಲಿ ೧೯೬೪ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯವು ಆ ಕಾಲೇಜುಗಳ ಮಾದರಿಯನ್ನು ಅನುಸರಿಸಿದ್ದೆಂಬುದು ಕರ್ನಾಟಕದ ವಾಚಕರಿಗೆ ಆಸಕ್ತಿಯ ವಿಷಯ.

ಭೂಮಿಯಿಂದ ಬಂದ ನಿಧಿ ಶಾಲೆಗಳಿಗೆ ಸಾಲಲಿಲ್ಲ. ಕೆಲವೆಡೆ ಅದು ಅನಿರೀಕ್ಷಿತವಾದ ಹಾನಿಯನ್ನೂ ಮಾಡಿತು. ಕನೆಕ್ಟಿಕಟ್ ರಾಜ್ಯವು ೧೭೯೫ರಲ್ಲಿ ಪಶ್ಚಿಮದ ತನ್ನ ಭೂಮಿಯನ್ನು ೧೨ ಲಕ್ಷ ಡಾಲರುಗಳಿಗೆ ಮಾರಿ ಶಾಲಾನಿಧಿಯನ್ನು ಸ್ಥಾಪಿಸಿತು. ಬಡ್ಡಿಯ ಹಣ ತಾನಾಗಿ ಬರುತ್ತಿದ್ದುದರಿಂದ ಊರುಗಳು ತಾವಾಗಿ ತೆರಿಗೆ ಹಾಕಿಕೊಳ್ಳುವ ಉತ್ಸಾಹ ಕುಂದಿ, ಅಲ್ಲಿನ ಶಾಲೆಗಳು ಸೊರಗಿದವು. ಊರಿನ ಜನ ತಮ್ಮ ಕೈಯಿಂದ ಕೊಟ್ಟಲ್ಲದೆ ಶಾಲೆ ಊರಿನದಾಗುವುದಿಲ್ಲ ಎಂಬ ನಂಬಿಕೆಗೆ ಈ ಅನುಭವ ಬಲ ತಂದಿತು.

೩

ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ಶಾಲೆಯ ಚಳವಳಿಗೆ ಹೊರೇಸ್ ಮ್ಯಾನ್ ಪ್ರಮುಖ ವಕ್ತಾರ. ವಕೀಲನೂ ಶಾಸನಸಭೆಯ ಸದಸ್ಯನೂ ಆಗಿದ್ದ ಈತ ೧೮೩೭ರಲ್ಲಿ ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಲಿಯ ಕಾರ್ಯದರ್ಶಿಯಾಗಿ ೧೮೪೮ರವರೆಗೆ ಸೇವೆ ಸಲ್ಲಿಸಿದ. ಆತ ಬರೆದ ಹನ್ನೆರಡು ವಾರ್ಷಿಕ ವರದಿಗಳಲ್ಲಿ ಹತ್ತನೆಯದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಸ್ವತ್ತುಳ್ಳವನು ತನಗೆ ಮಕ್ಕಳಿಲ್ಲವೆಂದೋ ತನ್ನ ಮಕ್ಕಳ ಓದು ಮುಗಿಯಿತೆಂದೋ ಶಾಲಾತೆರಿಗೆಯನ್ನು ನಿರಾಕರಿಸುವುದು ನ್ಯಾಯವೇ ಎಂಬುದು ಅಲ್ಲಿನ ಚರ್ಚೆ. ಸಂಪತ್ತು ಯಾವನೊಬ್ಬನ ಸ್ವಂತ ಸೃಷ್ಟಿಯಲ್ಲ, ನಿಸರ್ಗದಿಂದಲೂ ಹಿಂದಿನ ಪೀಳಿಗೆಗಳ ದುಡಿಮೆಯಿಂದಲೂ ಬಂದದ್ದು. ಅದನ್ನು ಅನುಭವಿಸುವವನು ಮುಂದಿನ ಪೀಳಿಗೆಯ ಪರವಾಗಿ ಅದರ ಪಾಲಕನಾಗಿದ್ದಾನೆ. ಆದ್ದರಿಂದ ನಾಡಿನ ಸ್ವತ್ತೆಲ್ಲವೂ ನಾಡಿನ ಮಕ್ಕಳೆಲ್ಲರ ಶಿಕ್ಷಣಕ್ಕೆ ಒತ್ತೆಯಾಗಿದೆ ಎಂಬುದು ಆತನ ಸಿದ್ಧಾಂತ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮ್ಯಾನನ ತರ್ಕದಲ್ಲಿ ಒತ್ತೆಯಾಗಿರುವುದು ನಾಡಿನ ಸ್ವತ್ತು, ಫಲಾನುಭವಿಗಳು ನಾಡಿನ ಮಕ್ಕಳು. ಆಚರಣೆಗೆ ಬಂದದ್ದಾದರೋ ಊರಿನ ಸ್ವತ್ತು ಮತ್ತು ಊರಿನ ಮಕ್ಕಳು. ಊರೂರಿನ ಆಸ್ತಿಪಾಸ್ತಿಗಳ ಅಂತರ ಅಷ್ಟಾಗಿ ಇಲ್ಲದಿದ್ದ ವ್ಯವಸಾಯ ಸಮಾಜದಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ಕಡೆ ಕಾರ್ಖಾನೆ ಎದ್ದು, ಇನ್ನೊಂದು ಕಡೆ ಕೂಲಿಕಾರರ ವಸತಿ ಬೆಳೆದಾಗ ಅದು ಬಯಲಾಯಿತು.

ಆದರೆ ಅಂದಿನ ಹೋರಾಟ ಬೇರೆಯದು. ಪೆನ್ಸಿಲ್ವೇನಿಯದಲ್ಲಿ ೧೮೩೪ರಲ್ಲಿ ಅಂಗೀಕೃತವಾದ ಉಚಿತ ಶಾಲಾಶಾಸನವನ್ನು ಮರುವರ್ಷವೇ ರದ್ದುಪಡಿಸುವ ಯತ್ನ ನಡೆಯಿತು. ಥಾಡಿಯಸ್ ಸ್ಟೀವನ್ಸ್ ಶಾಸನಸಭೆಯಲ್ಲಿ ಮಾಡಿದ ಪ್ರಖ್ಯಾತ ಭಾಷಣ ಅದನ್ನು ಉಳಿಸಲು ನೆರವಾಯಿತು. ನ್ಯೂಯಾರ್ಕ್ ರಾಜ್ಯದಲ್ಲಿ, ತೆರಿಗೆಯಿಂದ ತುಂಬದ ವೆಚ್ಚವನ್ನು ಮಕ್ಕಳ ಹಾಜರಿಗೆ ಅನುಗುಣವಾಗಿ ತಂದೆತಾಯಿಗಳಿಂದ ವಸೂಲು ಮಾಡುವ ಪದ್ಧತಿ ೧೮೬೭ರಲ್ಲಿ ಮಾತ್ರ ಕೊನೆಗಂಡಿತು. ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದ ತೆರಿಗೆದಾರರು, ಪ್ರಾಥಮಿಕ ಶಾಲೆಗೆ ತೆರಿಗೆ ಕೊಡಬಹುದು, ಪ್ರೌಢಶಾಲೆಗೆ ಏಕೆ ಕೊಡಬೇಕು ಎಂದು ನ್ಯಾಯಾಲಯಕ್ಕೆ ಹೋದರು. ೧೮೭೪ರಲ್ಲಿ ನ್ಯಾಯಮೂರ್ತಿ ಥಾಮಸ್ ಕೂಲಿ ಅವರ ವಾದವನ್ನು ತಳ್ಳಿಹಾಕಿದರು. ಇತರ ರಾಜ್ಯಗಳೂ ಆ ತೀರ್ಪನ್ನು ಆಧಾರವಾಗಿ ಹಿಡಿದವು. ೧೪ರಿಂದ ೧೭ ವರ್ಷ ವಯಸ್ಸಿನವರಲ್ಲಿ ಪ್ರೌಢಶಾಲೆಗೆ ಸೇರಿದ್ದವರು ೧೮೯೦ರಲ್ಲಿ ನೂರಕ್ಕೆ ಸುಮಾರು ೭. ೧೯೪೦ರ ವೇಳೆಗೆ ನೂರಕ್ಕೆ ೭೦ಕ್ಕೂ ಹೆಚ್ಚು. ಊರಿನ ತೆರಿಗೆಯ ಈ ಸಾಧನೆ ಸಾಮಾನ್ಯವಾದುದಲ್ಲ. ಅದರ ದೋಷಗಳನ್ನು ವಿಚಾರಿಸುವಾಗ ಇದನ್ನು ಮರೆಯಲಾಗದು.

೪

ಊರಿನ ಅಧಿಕಾರದ ಇನ್ನೊಂದು ಮುಖವನ್ನು ಮೊದಲು ಕಂಡವರು ದಕ್ಷಿಣದ ಕಪ್ಪು ಜನಾಂಗದವರು. ಅಂತರ್ಯುದ್ಧದ ಬಳಿಕ ದಕ್ಷಿಣದ ರಾಜ್ಯಗಳಲ್ಲಿ ರಚಿತವಾದ ಹೊಸ ರಾಜ್ಯಾಂಗಗಳು ಸಾರ್ವಜನಿಕ ಶಾಲೆಗಳ ಸ್ಥಾಪನೆಯನ್ನು ವಿಧಿಸಿದವು. ದಾಸ್ಯದಿಂದ ಆಗತಾನೆ ಬಿಡುಗಡೆ ಹೊಂದಿದವರ ಪ್ರತಿನಿಧಿಗಳು ಆ ಕಾರ್ಯದಲ್ಲಿ ಪಾಲುಗೊಂಡಿದ್ದರು. ೧೮೭೭ರ ಹೊತ್ತಿಗೆ ಆ ಸರ್ಕಾರಗಳು ಉರುಳಿದವು. ಶಾಲೆಗಳು ಉಳಿದರೂ ಹಣವನ್ನು ಹಂಚುವ ಅಧಿಕಾರ ಬಿಳಿಯರ ಮಂಡಲಿಗಳ ಕೈಸೇರಿತು.

ಇಡೀ ರಾಷ್ಟ್ರದ ಹಣವನ್ನು ಶಾಲೆಗೆ ತರುವ ದೊಡ್ಡ ಪ್ರಯತ್ನ ನಡೆದದ್ದು ಈ ಸಂದರ್ಭದಲ್ಲಿ. ನ್ಯೂಹ್ಯಾಂಪ್‌ಷೈರಿನ ಸೆನೆಟರ್ ಹೆನ್ರಿ ಬ್ಲೇರ್ ತಂದ ಮಸೂದೆಯು ಒಕ್ಕೂಟದ ಹಣವನ್ನು ರಾಜ್ಯಗಳಿಗೆ ಅಲ್ಲಿನ ನಿರಕ್ಷರರ ಸಂಖ್ಯೆಗೆ ಅನುಗುಣವಾಗಿ ಹಂಚಬೇಕೆಂದು ಸೂಚಿಸಿತು. ಎಲ್ಲಿ ಕೊರತೆ ಹೆಚ್ಚೋ ಅಲ್ಲಿಗೆ ಹೆಚ್ಚು ಹಣ ಎಂಬ ಸರಳವಾದ ತತ್ತ್ವ ಅದರದು. ಸೆನೆಟ್ ಸಭೆ ಅದನ್ನು ೧೮೮೪, ೧೮೮೬, ೧೮೮೮ರಲ್ಲಿ ಮೂರು ಬಾರಿ ಅಂಗೀಕರಿಸಿತು. ಕೆಳಮನೆಯಲ್ಲಿ ಅದು ಮತಕ್ಕೆ ಬರಲೇ ಇಲ್ಲ; ೧೮೯೦ರಲ್ಲಿ ಸೆನೆಟ್ ಸಭೆಯಲ್ಲಿಯೂ ಸೋತಿತು. ಅಂಥದೊಂದು ಶಾಸನ ಬರಲು ಮತ್ತೆ ೭೫ ವರ್ಷಗಳು ಹಿಡಿದವು.

ಈ ಸೋಲಿನ ಫಲವೇನೆಂಬುದನ್ನು ಜಾರ್ಜಿಯ ರಾಜ್ಯದ ಒಂದು ಮೊಕದ್ದಮೆ ತಿಳಿಸುತ್ತದೆ. ಆಗಸ್ಟ ಪಟ್ಟಣವಿರುವ ರಿಚ್ಮಂಡ್ ಕೌಂಟಿಯ ಶಿಕ್ಷಣ ಮಂಡಲಿಯು ೧೮೯೭ರಲ್ಲಿ ಕಪ್ಪು ಮಕ್ಕಳ ಪ್ರೌಢಶಾಲೆಯನ್ನು ಮುಚ್ಚಿ, ಆ ಹಣವನ್ನು ಅದೇ ಜನಾಂಗದ ಪ್ರಾಥಮಿಕ ಶಾಲೆಗಳಿಗೆ ತಿರುಗಿಸುವುದಾಗಿ ಹೇಳಿತು. ಬಿಳಿಯ ಮಕ್ಕಳ ಪ್ರೌಢಶಿಕ್ಷಣಕ್ಕೆ ತೆರಿಗೆಯ ಹಣ ಎಂದಿನಂತೆ ಸಲ್ಲುತ್ತಲೇ ಇದ್ದಿತು. ತೆರಿಗೆಯನ್ನು ಎರಡು ಜನಾಂಗಗಳವರೂ ಕೊಡುತ್ತಿದ್ದರು. ಕಮಿಂಗ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೮೯೯ರಲ್ಲಿ ಒಮ್ಮತದಿಂದ ಮಂಡಲಿಯ ಪರವಾಗಿ ತೀರ್ಪು ಕೊಟ್ಟಿತು. ರಾಜ್ಯದ ತೆರಿಗೆಯಿಂದ ನಡೆಯುವ ಶಾಲೆಗಳು ರಾಜ್ಯಕ್ಕೆ ಸೇರಿದ ವಿಷಯ. ಹಕ್ಕುಗಳ ಸ್ಪಷ್ಟವಾದ ಉಲ್ಲಂಘನೆ ಇಲ್ಲದಿದ್ದರೆ ಒಕ್ಕೂಟವು ಕೈಹಾಕುವಂತಿಲ್ಲ ಎಂಬುದು ಅದರ ಅಭಿಪ್ರಾಯ. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಹಾರ್ಲನ್. ಮೂರು ವರ್ಷಗಳ ಹಿಂದೆ ಪ್ಲೆಸಿ ಮೊಕದ್ದಮೆಯಲ್ಲಿ ವರ್ಣಭೇದವನ್ನು ಏಕಾಕಿಯಾಗಿ ವಿರೋಧಿಸಿದ್ದವರು ಅವರೇ ಎಂಬುದನ್ನು ನೆನೆದರೆ ಸ್ಥಳೀಯ ಅಧಿಕಾರದ ಮೇಲೆ ಅಂದಿನವರಿಗಿದ್ದ ಗೌರವದ ಆಳ ತಿಳಿಯುತ್ತದೆ.

ತೆರಿಗೆ ಕೊಟ್ಟೂ ಶಾಲೆ ಕಾಣದ ಈ ಜನ ಎರಡನೆಯ ಸಲ ತಮ್ಮ ಗಂಟಿನಿಂದಲೇ ಹಣ ಕೂಡಿಸಬೇಕಾಯಿತು. ಷಿಕಾಗೋ ನಗರದ ವರ್ತಕ ಜೂಲಿಯಸ್ ರೋಸನ್‌ವಾಲ್ಡ್ ಸ್ಥಾಪಿಸಿದ ನಿಧಿಯ ನೆರವಿನಿಂದ ೧೯೩೨ರವರೆಗೆ ದಕ್ಷಿಣದಲ್ಲಿ ಸುಮಾರು ೫,೦೦೦ ಶಾಲೆಗಳು ಎದ್ದವು. ಅವುಗಳ ಒಟ್ಟು ವೆಚ್ಚ ಸುಮಾರು ೨ ಕೋಟಿ ೮೪ ಲಕ್ಷ ಡಾಲರು. ಇದರಲ್ಲಿ ರೋಸನ್‌ವಾಲ್ಡ್ ನಿಧಿಯ ಪಾಲು ಸುಮಾರು ೪೩ ಲಕ್ಷ. ಕಪ್ಪು ಜನಾಂಗದವರು ತಾವೇ ಕೂಡಿಸಿ ಕೊಟ್ಟದ್ದು ಸುಮಾರು ೪೭ ಲಕ್ಷ. ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಬಡ ರೈತರು ಕೊಟ್ಟದ್ದು ಹೆಸರಾಂತ ದಾನಿ ಕೊಟ್ಟದ್ದಕ್ಕಿಂತ ಹೆಚ್ಚಾಗಿತ್ತೆಂಬುದು ಲೆಕ್ಕದ ಪುಸ್ತಕದಿಂದ ತಿಳಿಯುವ ಸಂಗತಿ. ಉಳಿದ ಹಣದಲ್ಲಿ ಬಹುಪಾಲು ತೆರಿಗೆಯಿಂದ ಬಂದದ್ದು. ಆ ತೆರಿಗೆಯಲ್ಲಿಯೂ ಅವರ ಪಾಲು ಇದ್ದೇ ಇತ್ತು.

೧೯೫೪ರ ಬ್ರೌನ್ ತೀರ್ಪು ಶಾಲೆಗಳಲ್ಲಿ ಜನಾಂಗ ವಿಂಗಡಣೆಯನ್ನು ಸಂವಿಧಾನಬಾಹಿರವೆಂದು ಸಾರಿತು. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಇದಕ್ಕೆ ಕೊಟ್ಟ ಉತ್ತರ ವಿಲಕ್ಷಣವಾದುದು. ೧೯೫೯ರಲ್ಲಿ ಅವರು ಶಾಲಾತೆರಿಗೆಯನ್ನೇ ಹಾಕದೆ ಎಲ್ಲ ಸಾರ್ವಜನಿಕ ಶಾಲೆಗಳನ್ನೂ ಮುಚ್ಚಿಬಿಟ್ಟರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಸಿದ್ಧವಾಯಿತು, ಅದಕ್ಕೆ ಸಾರ್ವಜನಿಕ ಹಣದ ನೆರವೂ ದೊರೆಯಿತು. ಕಪ್ಪು ಮಕ್ಕಳಲ್ಲಿ ಬಹುಮಂದಿಗೆ ನಾಲ್ಕು ವರ್ಷಗಳ ಕಾಲ ಕ್ರಮಬದ್ಧವಾದ ಶಾಲೆಯೇ ಇಲ್ಲವಾಯಿತು. ೧೯೬೪ರಲ್ಲಿ ಸುಪ್ರೀಂ ಕೋರ್ಟು, ಶಾಲೆಗಳನ್ನು ತೆರೆಯಲು ಅಗತ್ಯವಾದರೆ ತೆರಿಗೆ ಹಾಕುವಂತೆ ನ್ಯಾಯಾಲಯವು ಆಜ್ಞಾಪಿಸಬಹುದು ಎಂದು ತೀರ್ಮಾನಿಸಿತು. ಶಾಲೆಗೆ ಹಣ ಕೊಡುವ ಅಧಿಕಾರವೆಂದರೆ ಕೊಡದಿರುವ ಅಧಿಕಾರವೂ ಹೌದು ಎಂಬುದು ಈ ಕೌಂಟಿಯಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

೫

ಜನಾಂಗದ ಪ್ರಶ್ನೆಯನ್ನು ಬದಿಗಿಟ್ಟು ನೋಡಿದರೂ ಊರಿನ ತೆರಿಗೆಯ ಅಸಮತೆ ವಿದ್ವಾಂಸರಿಗೆ ತಿಳಿಯದೆ ಇರಲಿಲ್ಲ. ಎಲ್‌ವುಡ್ ಕಬ್ಬರ್ಲಿ ೧೯೦೫ರಲ್ಲಿ ಪ್ರಕಟಿಸಿದ ಶಾಲಾನಿಧಿಗಳ ಹಂಚಿಕೆಯ ಅಧ್ಯಯನವು, ಒಂದೇ ರಾಜ್ಯದಲ್ಲಿ ಬಡ ಊರು ಹೆಚ್ಚಿನ ದರದ ತೆರಿಗೆ ತೆತ್ತು ಕಡಮೆ ಹಣ ಪಡೆಯುವ ವೈಚಿತ್ರ್ಯವನ್ನು ಬೆಳಕಿಗೆ ತಂದಿತು. ೧೯೨೩ರಲ್ಲಿ ಜಾರ್ಜ್ ಸ್ಟ್ರೇಯರ್ ಮತ್ತು ರಾಬರ್ಟ್ ಹೇಗ್ ನ್ಯೂಯಾರ್ಕ್ ರಾಜ್ಯಕ್ಕಾಗಿ ಒಂದು ಪರಿಹಾರವನ್ನು ರೂಪಿಸಿದರು. ಒಬ್ಬ ವಿದ್ಯಾರ್ಥಿಗೆ ತಗಲುವ ಕನಿಷ್ಠ ವೆಚ್ಚವನ್ನು ರಾಜ್ಯ ನಿಗದಿ ಮಾಡಬೇಕು. ಎಲ್ಲ ಶಾಲಾವಲಯಗಳೂ ಒಂದೇ ದರದಲ್ಲಿ ತೆರಿಗೆ ಎತ್ತಬೇಕು. ಅದರಿಂದ ಕನಿಷ್ಠ ವೆಚ್ಚ ತುಂಬದ ಕಡೆ ಕೊರತೆಯನ್ನು ರಾಜ್ಯ ಭರ್ತಿಮಾಡಬೇಕು. ಮುಂದೆ ಬಹುಮಂದಿ ರಾಜ್ಯಗಳು ಇದೇ ಸೂತ್ರವನ್ನು ಸ್ವಲ್ಪ ಮಾರ್ಪಾಟುಗಳೊಡನೆ ಅಂಗೀಕರಿಸಿದವು.

ಸೂತ್ರ ನ್ಯಾಯವಾದುದೇ. ಅದರಲ್ಲಿ ಎರಡು ಬಿರುಕುಗಳಿದ್ದವು. ಕನಿಷ್ಠ ವೆಚ್ಚವೆಷ್ಟೆಂಬುದನ್ನು ಶಾಸನಸಭೆ ಬೊಕ್ಕಸದ ಸ್ಥಿತಿಯನ್ನು ನೋಡಿ ಗೊತ್ತುಮಾಡುತ್ತಿದ್ದುದರಿಂದ ಅದು ನಿಜವಾದ ಅಗತ್ಯಕ್ಕಿಂತ ಕೆಳಗೇ ಉಳಿಯುತ್ತಿತ್ತು. ಆ ಮಟ್ಟಕ್ಕಿಂತ ಮೇಲೆ ವೆಚ್ಚಮಾಡಲು ಶ್ರೀಮಂತ ವಲಯಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಎಂದರೆ ಸೂತ್ರವು ನೆಲವನ್ನು ಸ್ವಲ್ಪ ಎತ್ತರಿಸಿತು. ನೆಲಕ್ಕೂ ಮಾಳಿಗೆಗೂ ಇದ್ದ ಅಂತರವನ್ನು ಹಾಗೆಯೇ ಬಿಟ್ಟಿತು.

ಇದೇ ಕಾಲದಲ್ಲಿ ಶಾಲಾವಲಯಗಳನ್ನು ಒಂದುಗೂಡಿಸುವ ಕಾರ್ಯವೂ ನಡೆಯಿತು. ೧೯೪೦ರಲ್ಲಿ ದೇಶದಲ್ಲಿ ಸುಮಾರು ೧,೧೭,೦೦೦ ಶಾಲಾವಲಯಗಳಿದ್ದವು. ಇಂದು ಇರುವುವು ಸುಮಾರು ೧೩,೦೦೦. ಹಳ್ಳಿಗಾಡಿನ ಒಂದು ಕೊಠಡಿಯ ಶಾಲೆಗಳು ಹೀಗೆ ಮಾಯವಾದವು. ನಗರ ಮತ್ತು ಉಪನಗರಗಳ ನಡುವಣ ಎಲ್ಲೆ ಮಾತ್ರ ಅನೇಕ ಕಡೆಗಳಲ್ಲಿ ಅಳಿಸಲಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಅನುಕೂಲವಂತರು ಉಪನಗರಗಳಿಗೆ ನೆಲೆ ಬದಲಾಯಿಸಿದಾಗ ತೆರಿಗೆ ಕೊಡುವ ಸ್ವತ್ತೂ ಅವರೊಡನೆ ಎಲ್ಲೆಯನ್ನು ದಾಟಿತು.

೬

ಒಕ್ಕೂಟದ ನೆರವಿಗೆ ಎರಡು ಅಡ್ಡಿಗಳು ಬಹುಕಾಲ ಇದ್ದವು. ವಿಂಗಡಿತ ಶಾಲೆಗಳಿಗೆ ಹಣ ಕೊಡಕೂಡದೆಂದು ಪ್ರತಿನಿಧಿ ಆಡಂ ಕ್ಲೇಟನ್ ಪೊವೆಲ್ ತರುತ್ತಿದ್ದ ತಿದ್ದುಪಡಿ ದಕ್ಷಿಣದವರನ್ನು ಮಸೂದೆಗಳಿಂದ ದೂರ ಮಾಡುತ್ತಿತ್ತು; ಕ್ಯಾಥೊಲಿಕ್ ಶಾಲೆಗಳಿಗೂ ಪಾಲು ಕೊಡಬೇಕೆ ಎಂಬ ವಿವಾದ ಉಳಿದವರನ್ನು ಒಡೆಯುತ್ತಿತ್ತು. ೧೯೫೭ರ ಅಕ್ಟೋಬರಿನಲ್ಲಿ ರಷ್ಯನರ ಕೃತಕ ಉಪಗ್ರಹ ಹಾರಿದಾಗ ಹುಟ್ಟಿದ ಕಳವಳದಿಂದ ಮರುವರ್ಷ ರಾಷ್ಟ್ರರಕ್ಷಣಾ ಶಿಕ್ಷಣಶಾಸನ ಬಂದಿತು. ಅದರ ಒತ್ತು ವಿಜ್ಞಾನ, ಗಣಿತ, ವಿದೇಶೀ ಭಾಷೆಗಳ ಮೇಲಿತ್ತು.

ನಿಜವಾದ ತಿರುವು ೧೯೬೫ರ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಶಾಸನ. ಹಿಂದಿನ ವರ್ಷದ ಪೌರಹಕ್ಕುಗಳ ಶಾಸನ ವಿಂಗಡಣೆಯ ತೊಡಕನ್ನು ನಿವಾರಿಸಿತ್ತು. ಹಣವನ್ನು ಶಾಲೆಯ ಬದಲು ಬಡ ಮಗುವಿನ ಹೆಸರಿನಲ್ಲಿ ಕೊಡುವ ಉಪಾಯ ಧಾರ್ಮಿಕ ವಿವಾದವನ್ನು ಶಮನಗೊಳಿಸಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ತರುಣರಾಗಿದ್ದಾಗ ಟೆಕ್ಸಾಸಿನ ಕೊಟುಲ್ಲದಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದವರು. ತಾವು ಅಕ್ಷರ ಕಲಿತ ಹಳ್ಳಿಯ ಶಾಲೆಯ ಮುಂದೆ, ತಮ್ಮ ಮೊದಲ ಉಪಾಧ್ಯಾಯಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಸನಕ್ಕೆ ಅವರು ಸಹಿ ಹಾಕಿದರು. ವರ್ಷಕ್ಕೆ ೧೦೦ ಕೋಟಿ ಡಾಲರುಗಳಿಗೂ ಮಿಕ್ಕ ಹಣ ಬಡ ಮಕ್ಕಳ ಶಾಲೆಗಳಿಗೆಂದು ಗೊತ್ತಾಯಿತು. ಆದರೆ ಹಣವನ್ನು ಬಳಸುವವರು ಅದೇ ಸ್ಥಳೀಯ ಮಂಡಲಿಗಳವರು. ೧೯೬೯ರಲ್ಲಿ ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್ಲೂರ್ ಪ್ರಕಟಿಸಿದ ವರದಿ, ಅನೇಕ ಕಡೆಗಳಲ್ಲಿ ಈ ಹಣ ಬಡ ಮಕ್ಕಳಿಗೆ ಮುಟ್ಟದೆ ಸಾಮಾನ್ಯ ವೆಚ್ಚದಲ್ಲಿ ಬೆರೆತುಹೋದುದನ್ನು ತೋರಿಸಿತು.

ಇದೇ ವೇಳೆಗೆ, ೧೯೬೬ರಲ್ಲಿ, ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ವರದಿ ಹೊರಬಂದಿತು. ಸುಮಾರು ೪,೦೦೦ ಶಾಲೆಗಳ ಸುಮಾರು ೬ ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಆ ವರದಿ, ಮಗುವಿನ ಕಲಿಕೆಗೂ ಮನೆಯ ಸ್ಥಿತಿಗತಿಗೂ ಇರುವಷ್ಟು ಸಂಬಂಧ ಕಲಿಕೆಗೂ ಶಾಲೆಯ ಸೌಕರ್ಯಗಳಿಗೂ ಕಾಣುವುದಿಲ್ಲವೆಂದು ಹೇಳಿತು. ಹಣದಿಂದ ಪ್ರಯೋಜನವಿಲ್ಲವೆಂಬ ವಾದಕ್ಕೆ ಇದನ್ನು ಆಧಾರವಾಗಿ ಬಳಸಿದವರು ಬಹಳ. ಒಂದು ಕಾಲದ ಸ್ಥಿತಿಯನ್ನು ಅಳೆದ ಈ ಬಗೆಯ ಸಮೀಕ್ಷೆಯಿಂದ, ಬಡ ಶಾಲೆಗೆ ಅನೇಕ ವರ್ಷ ಹೆಚ್ಚು ಹಣ ಸಂದರೆ ಏನಾದೀತೆಂಬುದು ತಿಳಿಯುವಂತಿರಲಿಲ್ಲ. ಐವತ್ತು ವರ್ಷಗಳ ಅನಂತರ, ೨೦೧೬ರಲ್ಲಿ, ಜ್ಯಾಕ್ಸನ್, ಜಾನ್ಸನ್, ಪರ್ಸಿಕೊ ಎಂಬ ಅರ್ಥಶಾಸ್ತ್ರಜ್ಞರು ನ್ಯಾಯಾಲಯಗಳ ಒತ್ತಾಯದಿಂದ ನಡೆದ ಸುಧಾರಣೆಗಳ ಫಲವನ್ನು ದೀರ್ಘಕಾಲದ ದಾಖಲೆಗಳಿಂದ ಪರಿಶೀಲಿಸಿದರು. ಶಾಲೆಯ ಹನ್ನೆರಡು ವರ್ಷಗಳಲ್ಲಿಯೂ ವೆಚ್ಚ ನೂರಕ್ಕೆ ೧೦ರಷ್ಟು ಹೆಚ್ಚಿದ್ದರೆ ದೊಡ್ಡವರಾದ ಮೇಲೆ ಅವರ ಕೂಲಿ ನೂರಕ್ಕೆ ಸುಮಾರು ೭ರಷ್ಟು ಹೆಚ್ಚುವುದೆಂದೂ, ಬಡ ಮನೆಗಳ ಮಕ್ಕಳಲ್ಲಿ ಪರಿಣಾಮ ಇನ್ನೂ ಸ್ಪಷ್ಟವೆಂದೂ ಅವರು ಕಂಡುಕೊಂಡರು.

೭

ಊರಿನ ಎಲ್ಲೆಯ ಪ್ರಶ್ನೆ ನೇರವಾಗಿ ನ್ಯಾಯಾಲಯದ ಮುಂದೆ ಬಂದದ್ದು ೧೯೭೦ರ ದಶಕದಲ್ಲಿ. ಕ್ಯಾಲಿಫೋರ್ನಿಯದ ಸೆರಾನೊ ಮೊಕದ್ದಮೆಯಲ್ಲಿ ಎರಡು ಊರುಗಳ ಲೆಕ್ಕವನ್ನು ಹೋಲಿಸಲಾಯಿತು. ೧೯೬೮–೬೯ರಲ್ಲಿ ಬಾಲ್ಡ್ವಿನ್ ಪಾರ್ಕ್ ಊರಿನವರು ನೂರು ಡಾಲರು ಮೌಲ್ಯದ ಸ್ವತ್ತಿಗೆ ೫.೪೮ ಡಾಲರು ಶಾಲಾತೆರಿಗೆ ಕೊಟ್ಟು ಒಬ್ಬ ವಿದ್ಯಾರ್ಥಿಗೆ ೫೭೭ ಡಾಲರು ವೆಚ್ಚ ಮಾಡಿದರು. ಬೆವರ್ಲಿ ಹಿಲ್ಸಿನವರು ೨.೩೮ ಡಾಲರು ಕೊಟ್ಟು ೧,೨೩೨ ಡಾಲರು ವೆಚ್ಚ ಮಾಡಿದರು. ೧೯೭೧ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಮಗುವಿನ ವಿದ್ಯೆ ನೆರೆಹೊರೆಯವರ ಐಶ್ವರ್ಯವನ್ನು ಅವಲಂಬಿಸುವಂತೆ ಮಾಡುವ ಇಂಥ ಏರ್ಪಾಡು ಸಮಾನ ರಕ್ಷಣೆಯ ತತ್ತ್ವಕ್ಕೆ ವಿರುದ್ಧವೆಂದು ಹೇಳಿತು.

ರಾಷ್ಟ್ರಕ್ಕೆಲ್ಲ ಅನ್ವಯಿಸುವ ತೀರ್ಪು ಬಂದದ್ದು ಟೆಕ್ಸಾಸಿನ ಮೊಕದ್ದಮೆಯಲ್ಲಿ. ಸ್ಯಾನ್ ಆಂಟೋನಿಯೊ ನಗರದ ಎಡ್ಜ್‌ವುಡ್ ಶಾಲಾವಲಯದಲ್ಲಿ ನೂರಕ್ಕೆ ಸುಮಾರು ೯೦ ಮಂದಿ ವಿದ್ಯಾರ್ಥಿಗಳು ಮೆಕ್ಸಿಕನ್ ಮೂಲದವರು. ೧೯೬೮ರ ಮೇ ತಿಂಗಳಲ್ಲಿ ಅಲ್ಲಿನ ಪ್ರೌಢಶಾಲೆಯ ವಿದ್ಯಾರ್ಥಿಗಳು ಶಾಲೆಯ ದುರವಸ್ಥೆಯನ್ನು ಪ್ರತಿಭಟಿಸಿ ಹೊರನಡೆದರು. ಡಿಮೆಟ್ರಿಯೊ ರೊಡ್ರಿಗಸ್ ಮತ್ತು ಇತರ ತಂದೆತಾಯಿಗಳು ಅದೇ ವರ್ಷ ದಾವೆ ಹೂಡಿದರು. ಎಡ್ಜ್‌ವುಡ್‌ನ ತೆರಿಗೆಯ ದರ ನೂರಕ್ಕೆ ೧.೦೫ ಡಾಲರು, ಅದು ನಗರದಲ್ಲಿಯೇ ಅತಿ ಹೆಚ್ಚಿನ ದರ. ರಾಜ್ಯದ ಕನಿಷ್ಠ ಯೋಜನೆಗೆ ಸಲ್ಲಬೇಕಾದ ಪಾಲನ್ನು ಕಳೆದು ಅದರಿಂದ ಒಬ್ಬ ವಿದ್ಯಾರ್ಥಿಗೆ ಉಳಿದದ್ದು ೨೬ ಡಾಲರು. ಅದೇ ನಗರದ ಅನುಕೂಲಸ್ಥರ ವಲಯವಾದ ಆಲಮೊ ಹೈಟ್ಸ್‌ನಲ್ಲಿ ೦.೮೫ ಡಾಲರಿನ ದರದಿಂದ ಉಳಿದದ್ದು ೩೩೩ ಡಾಲರು. ರಾಜ್ಯದ ನೆರವು ಎಡ್ಜ್‌ವುಡ್‌ಗೆ ೨೨೨, ಆಲಮೊ ಹೈಟ್ಸ್‌ಗೆ ೨೨೫ ಡಾಲರು. ಕೊರತೆಯನ್ನು ತುಂಬಬೇಕಾದ ರಾಜ್ಯದ ಹಣವೇ ಸಿರಿವಂತರಿಗೆ ಮೂರು ಡಾಲರು ಹೆಚ್ಚಾಗಿ ಸಂದಿತ್ತು. ಒಕ್ಕೂಟದ ಹಣ ಎಡ್ಜ್‌ವುಡ್‌ಗೆ ೧೦೮, ಆಲಮೊ ಹೈಟ್ಸ್‌ಗೆ ೩೬. ಎಲ್ಲವನ್ನೂ ಕೂಡಿಸಿದರೆ ಒಂದು ಕಡೆ ೩೫೬, ಇನ್ನೊಂದು ಕಡೆ ೫೯೪.

೧೯೭೩ರ ಮಾರ್ಚ್ ೨೧ರಂದು ಸುಪ್ರೀಂ ಕೋರ್ಟು ಐವರು ನಾಲ್ವರ ಬಹುಮತದಿಂದ ತಂದೆತಾಯಿಗಳ ವಾದವನ್ನು ತಿರಸ್ಕರಿಸಿತು. ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲ್, ಶಿಕ್ಷಣವು ಒಕ್ಕೂಟದ ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕಲ್ಲವೆಂದೂ, ಶಾಲೆಗಳ ಮೇಲೆ ಸ್ಥಳೀಯರ ಅಧಿಕಾರವನ್ನು ಕಾಪಾಡುವುದು ರಾಜ್ಯದ ಯುಕ್ತವಾದ ಉದ್ದೇಶವೆಂದೂ ವಾದಿಸಿದರು. ಬ್ರೌನ್ ಮೊಕದ್ದಮೆಯಲ್ಲಿ ವಕೀಲರಾಗಿ ಗೆದ್ದು ಈಗ ನ್ಯಾಯಪೀಠದಲ್ಲಿದ್ದ ಥರ್ಗುಡ್ ಮಾರ್ಷಲ್ ತೀವ್ರವಾದ ಭಿನ್ನಮತವನ್ನು ಬರೆದರು. ಸ್ಥಳೀಯ ಅಧಿಕಾರವೆಂಬುದು ಬಡ ವಲಯಕ್ಕೆ ಹೆಸರಿಗೆ ಮಾತ್ರ ಇರುವ ಅಧಿಕಾರ, ಸ್ವತ್ತೇ ಇಲ್ಲದವರು ಎಷ್ಟು ತೆರಿಗೆ ಹಾಕಿಕೊಂಡರೂ ತಮಗೆ ಬೇಕಾದ ಶಾಲೆಯನ್ನು ಆರಿಸಿಕೊಳ್ಳಲಾರರು ಎಂಬುದು ಅವರ ವಾದದ ಒಂದು ಮುಖ್ಯ ಅಂಶ. ಕಮಿಂಗ್ ತೀರ್ಪಿನಲ್ಲಿ ಜನಾಂಗದ ಹೆಸರಿನಲ್ಲಿ ಎದುರಾದ ಉತ್ತರವೇ ಇಲ್ಲಿ ಸ್ವತ್ತಿನ ಹೆಸರಿನಲ್ಲಿ ಎದುರಾಯಿತೆಂದು ಇತಿಹಾಸದ ವಿದ್ಯಾರ್ಥಿಗೆ ತೋರಿದರೆ ಆಶ್ಚರ್ಯವಿಲ್ಲ.

೮

ಒಕ್ಕೂಟದ ಬಾಗಿಲು ಮುಚ್ಚಿದ ಮೇಲೆ ವಿವಾದ ರಾಜ್ಯಗಳ ನ್ಯಾಯಾಲಯಗಳಿಗೆ ತಿರುಗಿತು. ಏಕೆಂದರೆ ರಾಜ್ಯಾಂಗಗಳಲ್ಲಿ ಶಿಕ್ಷಣದ ಮಾತು ಸ್ಪಷ್ಟವಾಗಿದೆ. ನ್ಯೂಜರ್ಸಿಯಲ್ಲಿ ೧೯೭೬ರ ಬೇಸಗೆಯಲ್ಲಿ ನ್ಯಾಯಾಲಯದ ಆಜ್ಞೆಯಿಂದ ಶಾಲೆಗಳು ಮುಚ್ಚ, ಶಾಸನಸಭೆ ಆದಾಯ ತೆರಿಗೆಯನ್ನು ಜಾರಿಗೆ ತರಬೇಕಾಯಿತು. ಕೆಂಟಕಿಯ ನ್ಯಾಯಾಲಯ ೧೯೮೯ರಲ್ಲಿ ಆ ರಾಜ್ಯದ ಶಾಲಾವ್ಯವಸ್ಥೆಯನ್ನೇ ಸಮಗ್ರವಾಗಿ ಅಸಿಂಧುವೆಂದು ಸಾರಿತು. ಅದೇ ವರ್ಷ ಟೆಕ್ಸಾಸಿನ ನ್ಯಾಯಾಲಯವು ಎಡ್ಜ್‌ವುಡ್‌ನವರ ಪರವಾಗಿ ಒಮ್ಮತದ ತೀರ್ಪು ಕೊಟ್ಟಿತು. ಅತಿ ಶ್ರೀಮಂತ ವಲಯದಲ್ಲಿ ಒಬ್ಬ ವಿದ್ಯಾರ್ಥಿಗೆ ೧ ಕೋಟಿ ೪೦ ಲಕ್ಷ ಡಾಲರಿಗೂ ಹೆಚ್ಚು ಮೌಲ್ಯದ ಸ್ವತ್ತು, ಅತಿ ಬಡ ವಲಯದಲ್ಲಿ ಸುಮಾರು ೨೦,೦೦೦ ಡಾಲರು. ಏಳುನೂರಕ್ಕೆ ಒಂದು ಎಂಬ ಈ ಪ್ರಮಾಣವನ್ನು ತೀರ್ಪು ಎತ್ತಿ ತೋರಿಸಿತು. ೧೯೯೩ರಲ್ಲಿ ಅಲ್ಲಿನ ಶಾಸನಸಭೆ ಶ್ರೀಮಂತ ವಲಯಗಳ ತೆರಿಗೆಯ ಒಂದು ಭಾಗವನ್ನು ಬಡ ವಲಯಗಳಿಗೆ ತಿರುಗಿಸುವ ಕಾನೂನನ್ನು ಮಾಡಿತು.

ಗೆಲವು ಎಲ್ಲೆಡೆಯೂ ಬಯಸಿದ ಫಲವನ್ನು ಕೊಡಲಿಲ್ಲ. ಕ್ಯಾಲಿಫೋರ್ನಿಯದ ಮತದಾರರು ೧೯೭೮ರ ಜೂನಿನಲ್ಲಿ ೧೩ನೆಯ ಸೂಚನೆಯನ್ನು ಅಂಗೀಕರಿಸಿ ಸ್ಥಿರಾಸ್ತಿ ತೆರಿಗೆಯನ್ನು ನೂರಕ್ಕೆ ೧ಕ್ಕೆ ಮಿತಿಗೊಳಿಸಿದರು. ತೆರಿಗೆಯ ಹಣ ತಮ್ಮ ಊರಿನ ಶಾಲೆಯಲ್ಲಿ ಉಳಿಯದೆಂದು ಕಂಡಾಗ ಜನ ತೆರಿಗೆ ಕೊಡುವ ಮನಸ್ಸನ್ನೇ ಕಳೆದುಕೊಂಡರೆಂದು ಕೆಲವರು ವಿವರಿಸಿದ್ದಾರೆ. ಏರುತ್ತಿದ್ದ ಮನೆಬೆಲೆಗಳೇ ಕಾರಣವೆಂಬುದು ಇತರರ ಮತ. ಹೇಗಾದರೂ ಆ ರಾಜ್ಯದ ವೆಚ್ಚ ಮುಂದಿನ ದಶಕಗಳಲ್ಲಿ ರಾಷ್ಟ್ರದ ಸರಾಸರಿಗಿಂತ ಕೆಳಕ್ಕೆ ಇಳಿಯಿತು. ಕನೆಕ್ಟಿಕಟ್ಟಿನ ಹಳೆಯ ನಿಧಿಯ ಅನುಭವವನ್ನು ಇದು ಬೇರೊಂದು ಬಗೆಯಲ್ಲಿ ನೆನಪಿಗೆ ತರುತ್ತದೆ.

೧೯೮೩ರ ‘ಅಪಾಯದಲ್ಲಿರುವ ರಾಷ್ಟ್ರ’ ಎಂಬ ವರದಿಯಿಂದೀಚೆಗೆ ಚರ್ಚೆಯ ಗಮನ ಹಣದಿಂದ ಪರೀಕ್ಷೆಯ ಫಲಿತಾಂಶಗಳತ್ತ ಸರಿಯಿತು. ೨೦೦೨ರ ಜನವರಿಯಲ್ಲಿ ಸಹಿಯಾದ ಶಾಸನವು ೨೦೧೪ರ ವೇಳೆಗೆ ಎಲ್ಲ ಮಕ್ಕಳೂ ಓದು ಮತ್ತು ಗಣಿತದಲ್ಲಿ ನಿಗದಿಯಾದ ಮಟ್ಟವನ್ನು ಮುಟ್ಟಬೇಕೆಂದು ವಿಧಿಸಿತು. ಆ ಗುರಿ ಸಾಧ್ಯವಾಗದೆ ೨೦೧೫ರಲ್ಲಿ ಬೇರೆ ಶಾಸನ ಅದರ ಸ್ಥಾನಕ್ಕೆ ಬಂದಿತು. ಫಲಿತಾಂಶವನ್ನು ರಾಷ್ಟ್ರಕ್ಕೆಲ್ಲ ಒಂದೇ ಬಗೆಯಲ್ಲಿ ಕೇಳಿದ ಈ ಶಾಸನ, ಸಾಧನವನ್ನು ಮಾತ್ರ ಊರೂರಿನ ಶಕ್ತಿಗೆ ಬಿಟ್ಟಿತ್ತೆಂಬುದನ್ನು ಗಮನಿಸಬೇಕು. ಶಾಲೆಗಳ ಒಟ್ಟು ಹಣದಲ್ಲಿ ಒಕ್ಕೂಟದ ಪಾಲು ಸಾಮಾನ್ಯವಾಗಿ ಹತ್ತರಲ್ಲೊಂದರ ಆಸುಪಾಸು. ಉಳಿದದ್ದನ್ನು ರಾಜ್ಯಗಳೂ ಸ್ಥಳೀಯರೂ ಸರಿಸುಮಾರು ಅರ್ಧರ್ಧ ಹೊರುತ್ತಾರೆ. ೨೦೨೨ರ ಆರ್ಥಿಕ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೆ ನ್ಯೂಯಾರ್ಕ್ ರಾಜ್ಯ ಸುಮಾರು ೩೦,೦೦೦ ಡಾಲರು ವೆಚ್ಚ ಮಾಡಿದರೆ ಯೂಟಾ ಸುಮಾರು ೯,೫೦೦ ಡಾಲರು ಮಾಡಿತು. ೧೯೭೯ರ ಶಾಸನದಿಂದ ಹುಟ್ಟಿದ ಒಕ್ಕೂಟದ ಶಿಕ್ಷಣ ಇಲಾಖೆಯನ್ನು ಮುಚ್ಚುವ ದಿಕ್ಕಿನಲ್ಲಿ ಕ್ರಮ ಕೈಗೊಳ್ಳಬೇಕೆಂದು ೨೦೨೫ರ ಮಾರ್ಚಿಯಲ್ಲಿ ಅಧ್ಯಕ್ಷರ ಆಜ್ಞೆ ಹೊರಟಾಗಲೂ, ಶಿಕ್ಷಣವನ್ನು ರಾಜ್ಯಗಳಿಗೂ ಊರುಗಳಿಗೂ ಮರಳಿಸುವುದೇ ಅದರ ಉದ್ದೇಶವೆಂದು ಹೇಳಲಾಯಿತು.

೯

ಮೇಲಣ ವಿವರಗಳಿಂದ ಮೂರು ಅಂಶಗಳು ಸಿದ್ಧಪಡುತ್ತವೆ. ಮೊದಲನೆಯದಾಗಿ, ಸ್ಥಳೀಯ ತೆರಿಗೆಯನ್ನು ಕೇವಲ ದೋಷವೆಂದು ಎಣಿಸುವುದು ಇತಿಹಾಸಕ್ಕೆ ಸಮ್ಮತವಲ್ಲ; ಅದಿಲ್ಲದಿದ್ದರೆ ಅಮೆರಿಕದ ಪ್ರೌಢಶಾಲೆ ಅಷ್ಟು ಬೇಗ ಬೆಳೆಯುತ್ತಿರಲಿಲ್ಲ. ಎರಡನೆಯದಾಗಿ, ಅಸಮತೆ ಯಾವನೋ ಒಬ್ಬ ದುಷ್ಟ ಅಧಿಕಾರಿಯ ಕೃತ್ಯವಲ್ಲ. ಪ್ರಿನ್ಸ್ ಎಡ್ವರ್ಡ್ ಕೌಂಟಿಯಂಥ ಕಡೆ ದ್ವೇಷ ಎದ್ದು ಕಾಣುತ್ತದೆ. ಆಲಮೊ ಹೈಟ್ಸ್‌ನವರಾದರೋ ತಮ್ಮ ಮಕ್ಕಳಿಗೆ ಒಳ್ಳೆಯದನ್ನು ಬಯಸಿದ್ದರು, ಅಷ್ಟೆ. ಊರಿನ ಎಲ್ಲೆಯೊಳಗೆ ನ್ಯಾಯವಾಗಿದ್ದ ಏರ್ಪಾಡು ಎರಡು ಊರುಗಳನ್ನು ಒಟ್ಟಿಗೆ ನೋಡಿದಾಗ ಅನ್ಯಾಯವಾಗಿ ಕಂಡಿತು. ಮೂರನೆಯದಾಗಿ, ಹಣವನ್ನು ದೂರದ ಬೊಕ್ಕಸದಿಂದ ತಂದಾಗ ಊರಿನವರ ಆಸಕ್ತಿ ತಗ್ಗುವ ಭಯ ನಿರಾಧಾರವಲ್ಲ. ಆದರೆ ಈ ಭಯವನ್ನು ಹೆಚ್ಚಾಗಿ ಮುಂದಿಟ್ಟವರು ಸ್ವತ್ತುಳ್ಳ ಊರುಗಳವರು ಎಂಬುದನ್ನೂ ಹೇಳಬೇಕಾಗುತ್ತದೆ.

ಹೊರೇಸ್ ಮ್ಯಾನ್ ನಾಡಿನ ಸ್ವತ್ತೆಲ್ಲವನ್ನೂ ನಾಡಿನ ಮಕ್ಕಳಿಗೆ ಒತ್ತೆಯಿಟ್ಟು ೧೭೫ ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆತನ ಮಾತನ್ನು ಅಮೆರಿಕದವರು ಯಾರೂ ಬಹಿರಂಗವಾಗಿ ಅಲ್ಲಗಳೆದಿಲ್ಲ. ಅದನ್ನು ಊರಿನ ಎಲ್ಲೆಯಾಚೆಗೆ ಪೂರ್ತಿಯಾಗಿ ನಡೆಸಿಕೊಟ್ಟೂ ಇಲ್ಲ. ಶಾಲೆಯ ಇತಿಹಾಸವನ್ನು ಬರೆಯುವವರು ಪಠ್ಯಕ್ರಮ, ಬೋಧನಕ್ರಮಗಳ ಜತೆಗೆ ತೆರಿಗೆಯ ಪುಸ್ತಕವನ್ನೂ ಗ್ರಾಮಗಳ ಗಡಿಯ ನಕಾಶೆಯನ್ನೂ ತೆರೆದಿಟ್ಟುಕೊಳ್ಳಬೇಕು. ಒಂದು ಸಮಾಜ ಯಾವ ಮಕ್ಕಳನ್ನು ತನ್ನ ಮಕ್ಕಳೆಂದು ಎಣಿಸಿತೆಂಬುದಕ್ಕೆ ಅಲ್ಲಿ ಬರೆಹದ ಸಾಕ್ಷ್ಯ ದೊರೆಯುತ್ತದೆ.